ರಾಶಿಯೋ, ಚಾಲಿಯೋ?

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಹೊಟ್ಟೆ ಕೈಕೊಟ್ಟಿತು. ಮೂರು ವಾರ ಒಂದೇ ಸಮನೆ ಉಬ್ಬರ, ತೇಗು, ಓಡಾಟ. ಆಯಿ ಮೊದಲು ಕೊಡಸನ ಹೂವಿನ ತಂಬುಳಿ ಮಾಡಿದಳು. ಆಮೇಲೆ ದಾಳಿಂಬೆ ಸಿಪ್ಪೆಯದ್ದು, ಆಮೇಲೆ ಒಂದೆಲಗದ್ದು. ಹಿತ್ತಲು ಖಾಲಿಯಾದ ಮೇಲೆ ನಾನು ಶಿರಸಿಯ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ಒಂದು ಚಿತ್ರಪಟ ಮುಂದಿಟ್ಟು, "ನಿಮ್ಮದು ಇದರಲ್ಲಿ ಯಾವುದು?" ಅಂದರು. ಆಡಿನ ಹಿಕ್ಕೆಯಿಂದ ಶುರುವಾಗಿ ಬರೀ ನೀರಿನವರೆಗೆ ಮಲದ 7 ಬಗೆ. ಮೂರು, ನಾಲ್ಕು ಇದ್ದರೆ ಒಳ್ಳೆಯದಂತೆ. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಹೆಸರಿನ ಪಟ್ಟಿ ಅದು, 1997ರಲ್ಲಿ ಅಚ್ಚಾಗಿದ್ದು. ನನಗೆ ಭಾರೀ ಅಚ್ಚರಿಯೇನೂ ಆಗಲಿಲ್ಲ. ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಚಾಲಿ, ಕೋಕಾ, ಬಿಳೆಗೋಟು, ಕೆಂಪುಗೋಟು. ನಮ್ಮ ಕಡೆ ಅಡಿಕೆ ವಿಂಗಡಿಸುವ ಲೆಕ್ಕವೂ ಏಳೇ ಅಲ್ವಾ? "ಆರನೆಯದು" ಅಂದೆ.

"ಮೂರು ಸ್ಯಾಂಪಲ್ ಕೊಡಿ, ದಿನ ಬಿಟ್ಟು ದಿನ" ಅಂತ ಚೀಟಿ ಬರೆದರು. ಕೆಲವು ಪರೋಪಜೀವಿಗಳು ದಿನಾ ಹೊರಗೆ ಕಾಣಿಸಿಕೊಳ್ಳುವುದಿಲ್ಲವಂತೆ. ಒಂದು ಸಲ ನೋಡಿ ಏನೂ ಇಲ್ಲ ಅನ್ನುವ ಹಾಗಿಲ್ಲ.

ಲ್ಯಾಬಿನ ಹುಡುಗ ಹುಬ್ಬಳ್ಳಿ ಕಡೆಯವನು. ಮುಚ್ಚಳಕ್ಕೇ ಪುಟ್ಟ ಚಮಚ ಅಂಟಿಸಿದ ಡಬ್ಬಿ ಕೊಟ್ಟ. ನೀರು ತಾಗಬಾರದು, ಮೂತ್ರ ಸೇರಬಾರದು, ಒಂದೆರಡು ತಾಸಿನೊಳಗೆ ತಂದು ಕೊಡಬೇಕು. "ಒಂದು ಅಡಕಿಯಷ್ಟು ಇದ್ರ ಸಾಕ್ರಿ."

"ಸಿಪ್ಪೆ ಇರೋದಾ, ಸುಲಿದಿದ್ದಾ?" ಅಂತ ಕೇಳಿಬಿಟ್ಟೆ. ಶಿರಸಿಯಲ್ಲಿ ಕೂತು ಬರೀ ಅಡಿಕೆ ಅಂದರೆ ಅಳತೆ ಹೇಗೆ ಗೊತ್ತಾಗಬೇಕು? ಅವನು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಮುಂದಿನವರ ಹೆಸರು ಕೂಗಿದ.

ದಿನಕ್ಕೆ ಆರು ಸಲ ಓಡಿಸುತ್ತಿದ್ದ ಹೊಟ್ಟೆ, ಡಬ್ಬಿ ಮನೆಗೆ ಬಂದ ಮರುದಿನ ಮುಷ್ಕರ ಹೂಡಿತು. ಬೆಳಿಗ್ಗೆ ಐದಕ್ಕೆದ್ದು ಎರಡು ಲೋಟ ಬಿಸಿನೀರು, ಚಾ, ಅಂಗಳದಲ್ಲಿ ಹತ್ತು ಸುತ್ತು. ಊಹೂಂ. ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಅದು ತಿರುವು ದಾಟಿದ್ದೇ ತಡ, ಹೊಟ್ಟೆಗೆ ನೆನಪಾಯಿತು. ಮುಂದಿನ ಬಸ್ಸು ಮಧ್ಯಾಹ್ನಕ್ಕೆ.

ಮಾರನೇ ದಿನ ಹೊಟ್ಟೆ, ಬಸ್ಸು ಎರಡೂ ಕೂಡಿಬಂದವು. ಒಣಗಿದ ಅಡಿಕೆ ಹಾಳೆ ಈ ಕೆಲಸಕ್ಕೆ ಎಷ್ಟು ಅನುಕೂಲ ಅನ್ನುವುದನ್ನು ಇಲ್ಲಿ ವಿವರಿಸುವುದಿಲ್ಲ. ಡಬ್ಬಿಯನ್ನು ಎರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಟ್ಟೆ ಚೀಲದಲ್ಲಿಟ್ಟು, ಚೀಲವನ್ನು ತೊಡೆಯ ಮೇಲಿಟ್ಟು ಕೂತೆ. ಪಕ್ಕದಲ್ಲಿ ಮೇಲಿನಮನೆ ಹೆಗಡೇರು ಬಂದು ಕೂತರು.

"ಎಂತದೋ ತಮಾ, ಮಗು ಹಿಡ್ಕಂಡ ಹಾಗೆ ಹಿಡ್ಕಂಡಿದ್ಯಲ?"

"ಸ್ಯಾಂಪಲ್ಲು."

ಶಿರಸಿಗೆ ಹೋಗುವ ಬಸ್ಸಿನಲ್ಲಿ ಈ ಮಾತಿಗೆ ಒಂದೇ ಅರ್ಥ, ಮಾರುವ ಅಡಿಕೆಯದ್ದು. ಹೆಗಡೇರ ಕಣ್ಣು ಅರಳಿತು. "ರಾಶಿಯೋ, ಚಾಲಿಯೋ?"

"ರಾಶಿ" ಅಂದೆ. ಸುಳ್ಳೇನಲ್ಲ.

"ತೋರ್ಸು, ನೋಡನ."

"ಬೇಡ, ಹಸಿ ಇದ್ದು."

"ಹಸಿ ತಗಂಡು ಹೊರಟ್ಯಾ? ಒಣಗಿಸಿ ತಗಂಡು ಹೋಗದಲ್ದನಾ! ಪಸೆ ಇದ್ರೆ ರೇಟು ಇಳಿಸ್ತ."

"ಒಣಗಿಸಿದ್ರೆ ತಗಳ್ತ್ವಿಲ್ಲೆ ಹೇಳಿದ್ದ" ಅಂದೆ. ಅದೂ ನಿಜವೇ. ಹೆಗಡೇರು ಶಿರಸಿ ಬರುವವರೆಗೂ ಕಾಲ ಕೆಟ್ಟುಹೋದ ಬಗ್ಗೆ ಮಾತಾಡಿದರು.

ಎರಡನೇ ಸಲ ಹೋದಾಗ ಲ್ಯಾಬಿನ ಹುಡುಗ ಕಬ್ಬಿಣದ ಮಾತ್ರೆ ನುಂಗ್ತೀರಾ, ಬೀಟ್ರೂಟ್ ತಿಂದಿದ್ರಾ ಅಂತ ವಿಚಾರಿಸಿದ. ಮೊದಲನೆಯದು ಕಪ್ಪು ಮಾಡುತ್ತದೆ, ಎರಡನೆಯದು ಕೆಂಪು. ಸುಮ್ನೆ ಹೆದರುವವರು ಜಾಸ್ತಿಯಂತೆ. ಎರಡು ಸ್ಯಾಂಪಲ್ಲಿನಲ್ಲೂ ಏನೂ ಸಿಗಲಿಲ್ಲ. ಮೂರನೆಯದರಲ್ಲಿ ಸಿಕ್ಕಿತು: ಜಿಯಾರ್ಡಿಯಾ. ಬರಿಗಣ್ಣಿಗೆ ಕಾಣದ ಜೀವಿ, ನೀರಿನಲ್ಲಿ ಬರುತ್ತದೆ.

"ಯಾವ ನೀರು ಕುಡೀತೀರಿ?" ಡಾಕ್ಟರು ಕೇಳಿದರು.

"ಅಬ್ಬಿ ನೀರು. ಬೆಟ್ಟದಿಂದ ಸೀದಾ ಮನೆಗೆ" ಅಂತ ಹೆಮ್ಮೆಯಿಂದಲೇ ಹೇಳಿದೆ. ಬೆಂಗಳೂರಿನ ನೆಂಟರಿಗೆಲ್ಲ ಅದನ್ನೇ ಲೋಟ ತುಂಬಿ ಕುಡಿಸಿ, ನಿಮ್ಮಲ್ಲಿ ಇಂಥದ್ದು ಸಿಗುತ್ತಾ ಅಂತ ಕೇಳಿದವನು ನಾನು. ಆ ಬೆಟ್ಟದಲ್ಲೇ ಮಂಗ, ಹಂದಿ, ಊರಿನ ದನ ಎಲ್ಲ ಇವೆ ಅನ್ನುವುದು ಹೊಳೆದದ್ದು ಆಗಲೇ. ಕುದಿಸಿ ಕುಡಿಯಿರಿ ಅಂದರು. ಇನ್ನು ಇದನ್ನು ಆಯಿಗೆ ಹೇಳುವ ಧೈರ್ಯ ಬೇಕು.

ಮಾತ್ರೆ ಕಟ್ಟಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಂದರೆ ಹೆಗಡೇರು ಆಗಷ್ಟೇ ಇಳಿಯುತ್ತಿದ್ದರು. ಬಗಲಲ್ಲಿ ಅವರದ್ದೂ ಒಂದು ಚೀಲ.

"ನಿನ್ ರಾಶಿ ಎಷ್ಟಕ್ಕೆ ಹೋತೋ?"

ಖರ್ಚಿನ ಗುಂಗಿನಲ್ಲಿದ್ದೆ. ಬಾಯಿ ತಪ್ಪಿತು. "ಎಂತ ಹೋಪದು. ಆನೇ ಕೈಯಿಂದ ಐನೂರು ಕೊಟ್ಟು, ಕೊಟ್ಟಿಕ್ಕಿ ಬಂದೆ."

ಹೆಗಡೇರು ನಿಂತಲ್ಲೇ ನಿಂತರು. ಪೇಟೆಯ ದಿಕ್ಕಿಗೊಮ್ಮೆ ನೋಡಿದರು. ಆಮೇಲೆ ಚೀಲವನ್ನು ಎದೆಗೆ ಅವಚಿಕೊಂಡು, ಇಳಿದ ಬಸ್ಸನ್ನೇ ಹತ್ತಿ ಕೂತರು.