ದೊಡ್ಡ ಮನೆಯನ್ನು ಕೊನೆಗೆ ನೋಡಿ

ಹ್ಯೂಸ್ಟನ್, ಡಲ್ಲಾಸ್ ಕಡೆಯ ನಮ್ಮ ಕನ್ನಡದವರಿಗೆ ಲೂಸಿಯಾನಾ ಅಂದರೆ ನ್ಯೂ ಆರ್ಲಿಯನ್ಸ್ ಮಾತ್ರ. ಬೀದಿ ಸಂಗೀತ, ಸಕ್ಕರೆಪುಡಿ ಉದುರಿಸಿದ ಬೆನ್ಯೇ, ಒಂದಿಷ್ಟು ಫೋಟೋ, ವಾಪಸ್. ಒಂದು ಲಾಂಗ್ ವೀಕೆಂಡ್ ಅದನ್ನು ಬಿಟ್ಟು ರಾಜ್ಯದ ವಾಯವ್ಯ ಕಡೆಗೆ ಹೋಗಿ ಬನ್ನಿ. ನ್ಯಾಕಟಿಶ್ ಅಂತ ಸಣ್ಣ ಊರಿದೆ. ಫ್ರೆಂಚರು 1714ರಲ್ಲಿ ಕಟ್ಟಿದ್ದು, ನ್ಯೂ ಆರ್ಲಿಯನ್ಸ್‌ಗಿಂತಲೂ ಹಳೆಯದು. ಅಲ್ಲಿಂದ ಕೆಳಗೆ ಕೇನ್ ರಿವರ್ ಪಕ್ಕದಲ್ಲೇ ಬಳುಕುತ್ತಾ ಹೋಗುವ ರಸ್ತೆಯಲ್ಲಿ ಗುಲಾಮರನ್ನು ದುಡಿಸಿ ಬೆಳೆ ತೆಗೆಯುತ್ತಿದ್ದ ದೊಡ್ಡ ಎಸ್ಟೇಟುಗಳು, ಅಂದರೆ ಹಳೆಯ ಪ್ಲಾಂಟೇಶನ್‌ಗಳಿವೆ. ಹೆಸರಿಗೆ ರಿವರ್, ಆದರೆ ಅದು ಹರಿಯೋದಿಲ್ಲ. ರೆಡ್ ರಿವರ್ ದಾರಿ ಬದಲಿಸಿದ ಮೇಲೆ ಉಳಿದ ಹಳೇ ಪಾತ್ರ, ಈಗ ಉದ್ದನೆಯ ಕೆರೆ ಅಷ್ಟೆ.

ಇದು ಕ್ರಿಯೋಲ್ ಜನರ ನೆಲ. ಫ್ರೆಂಚ್, ಸ್ಪ್ಯಾನಿಷ್, ಆಫ್ರಿಕನ್, ಅಲ್ಲಿನ ಮೂಲನಿವಾಸಿಗಳು ಎಲ್ಲರ ರಕ್ತವೂ ಬೆರೆತ, ಕ್ಯಾಥೊಲಿಕ್ ಚರ್ಚಿನ ಸುತ್ತ ಬೆಳೆದ ಸಮುದಾಯ. ಓಕ್‌ಲ್ಯಾಂಡ್ ಮತ್ತು ಮ್ಯಾಗ್ನೋಲಿಯಾ ಅನ್ನುವ ಎರಡು ಪ್ಲಾಂಟೇಶನ್‌ಗಳನ್ನು ಸೇರಿಸಿ 1994ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದ್ದಾರೆ. ಪ್ರವೇಶ ಉಚಿತ.

ನನ್ನ ತಕರಾರು ಇರೋದು ಜನ ನೋಡುವ ರೀತಿಯ ಬಗ್ಗೆ. ಓಕ್‌ಲ್ಯಾಂಡ್‌ನಲ್ಲಿ ಎರಡೂ ಬದಿ ದೊಡ್ಡ ಓಕ್ ಮರಗಳು, ಅದರ ತುದಿಗೆ 1821ರ ಯಜಮಾನರ ಮನೆ. ಎಲ್ಲರೂ ನೇರ ಅಲ್ಲಿಗೇ ಓಡ್ತಾರೆ. ಜಗಲಿ, ಕುರ್ಚಿ, ಸೆಲ್ಫಿ. ಆ ಮನೆಯ ಗೋಡೆ ಮಣ್ಣಿಗೆ ಮರದ ಮೇಲೆ ಜೋತುಬೀಳುವ ಸ್ಪ್ಯಾನಿಷ್ ಮಾಸ್ ಕಲಸಿ ತುಂಬಿದ್ದು, ಅದನ್ನು ಕಲಸಿದ ಕೈ ಯಾರದು ಅಂತ ಕೇಳುವವರು ಕಡಿಮೆ. ನಾನಾದರೆ ಮೊದಲು ಅಂಗಡಿಗೆ ಹೋಗಿ ಅಂತೀನಿ.

ಹೌದು, ಪ್ಲಾಂಟೇಶನ್‌ನ ಅಂಗಡಿ. ಗುಲಾಮಗಿರಿ ಕಾಗದದ ಮೇಲೆ 1865ಕ್ಕೇ ಮುಗಿಯಿತು. ಆದರೆ ಬಿಡುಗಡೆ ಆದವರಿಗೆ ತುಂಡು ಭೂಮಿಯೂ ಸಿಗಲಿಲ್ಲ. ಅದೇ ಹೊಲ, ಅದೇ ಹತ್ತಿ, ಬೆಳೆಯಲ್ಲಿ ಪಾಲು ಅನ್ನುವ ಹೊಸ ಕರಾರು. ಬೆಳೆ ಕೈಗೆ ಬರುವ ತನಕ ಹಿಟ್ಟು, ಬಟ್ಟೆ, ಸೀಮೆಎಣ್ಣೆ ಎಲ್ಲಾ ಈ ಅಂಗಡಿಯಿಂದಲೇ ಸಾಲ. ಪುಸ್ತಕ ಯಜಮಾನನ ಹತ್ತಿರ, ತಕ್ಕಡಿ ಯಜಮಾನನ ಹತ್ತಿರ, ಹತ್ತಿಯ ರೇಟು ಬಿದ್ದ ವರ್ಷ ಲೆಕ್ಕ ಮಾಡಿ ನೋಡಿದರೆ ದುಡಿದವನೇ ಬಾಕಿದಾರ, ಆ ಬಾಕಿ ಮುಂದಿನ ವರ್ಷಕ್ಕೆ. ಜೀತದ ಕಥೆ ಕೇಳಿ ಬೆಳೆದ ನಮಗೆ ಇದನ್ನು ಯಾವ ಗೈಡೂ ಬಿಡಿಸಿ ಹೇಳಬೇಕಾಗಿಲ್ಲ. ಆ ಕೌಂಟರ್ ಮುಂದೆ ನಿಂತು ಸುಮ್ನೆ ಶೆಲ್ಫುಗಳನ್ನು ನೋಡಿ, ಸಾಕು.

ಆಮೇಲೆ ಮ್ಯಾಗ್ನೋಲಿಯಾ. ಅಲ್ಲಿ ಗುಲಾಮರಿಗೆ ಇಟ್ಟಿಗೆಯಲ್ಲೇ ಮನೆ ಕಟ್ಟಿದ್ದರು, ಅದಕ್ಕೇ ಎಂಟು ಮನೆ ಇನ್ನೂ ನಿಂತಿವೆ. ಒಂದು ಮನೆಗೆ ಎರಡು ಕೋಣೆ, ನಡುವೆ ಒಂದೇ ಗೋಡೆ, ಎರಡೂ ಕಡೆಗೆ ಬಾಯಿ ಇರುವ ಒಂದೇ ಒಲೆಗೂಡು. ಆ ಕಡೆ ಒಂದು ಸಂಸಾರ, ಈ ಕಡೆ ಇನ್ನೊಂದು. ಪಾಲು ಬೇಸಾಯದವರು ಇಪ್ಪತ್ತನೇ ಶತಮಾನದಲ್ಲೂ ಅಲ್ಲೇ ಬದುಕಿದರು. ಹತ್ತಿ ಒತ್ತುವ ಮರದ ಭಾರೀ ಸ್ಕ್ರೂ ಪ್ರೆಸ್ ಕೂಡ ಅಲ್ಲಿದೆ. ನೋಡಿದರೆ ಎದೆ ಝಲ್ಲೆನ್ನುತ್ತೆ.

ಇದೇ ನೆಲದ ಇನ್ನೊಂದು ಕಥೆ ಇದೆ, ಅದನ್ನು ಪೂರ್ತಿ ಹೇಳಬೇಕು. ಮಾರಿ ತೆರೇಸ್ ಕ್ವಾಂಕ್ವಾನ್, 1742ರಲ್ಲಿ ಗುಲಾಮಳಾಗಿ ಹುಟ್ಟಿದವಳು. ಮೆಟ್ವಾಯೆ ಅನ್ನುವ ಫ್ರೆಂಚ್ ವ್ಯಾಪಾರಿಯಿಂದ ಅವಳಿಗೆ ಹತ್ತು ಮಕ್ಕಳು. ಪಾದ್ರಿ ಇವರ ಸಂಬಂಧದ ಮೇಲೆ ದೂರು ಕೊಟ್ಟ. ಆಮೇಲೆ 1778ರಲ್ಲಿ ಮೆಟ್ವಾಯೆ ಅವಳನ್ನು ಕೊಂಡು ಬಿಡುಗಡೆ ಮಾಡಿದ. ಮುಂದೆ ಅವಳು ತಂಬಾಕು ಬೆಳೆದಳು, ದನ ಸಾಕಿದಳು, ಗುಲಾಮರಾಗೇ ಉಳಿದಿದ್ದ ತನ್ನ ಮಕ್ಕಳ ಬಿಡುಗಡೆಗೆ ಹೋರಾಡಿದಳು. ಟೂರಿಸಂನವರಿಗೆ ಇಲ್ಲಿಗೆ ಕಥೆ ನಿಲ್ಲಿಸಿದರೆ ಬಹಳ ಅನುಕೂಲ. ಆದರೆ ಅವಳೂ ಗುಲಾಮರನ್ನು ಕೊಂಡಳು. ಮಕ್ಕಳ ಕಾಲಕ್ಕೆ ಆ ಮನೆತನ ಜಾಸ್ತಿ ಗುಲಾಮರಿದ್ದ ಶ್ರೀಮಂತ ಜಮೀನ್ದಾರರಾಯಿತು. ಇದನ್ನು ಮುಚ್ಚಿಟ್ಟು ಅವಳನ್ನು ದೇವಿ ಮಾಡೋದೂ ಸರಿಯಲ್ಲ, ಇದೊಂದನ್ನೇ ಹಿಡಿದು ‘ನೋಡಿ, ಅವರೂ ಹಾಗೇ’ ಅಂತ ಬಿಳಿಯರ ಲೆಕ್ಕ ಚುಕ್ತಾ ಮಾಡೋದಂತೂ ಕೆಟ್ಟ ಬುದ್ಧಿ. ಅಂಥ ಕಾಮೆಂಟ್ ಇಲ್ಲಿ ಹಾಕಬೇಡಿ, ಡಿಲೀಟ್ ಮಾಡ್ತೀನಿ.

ಅವಳ ಮಗ ಲೂಯಿ ಶುರು ಮಾಡಿದ ಮೆಲ್ರೋಸ್ ಪ್ಲಾಂಟೇಶನ್ ಕೂಡ ಹತ್ತಿರದಲ್ಲೇ ಇದೆ. ಅಲ್ಲಿ ನೋಡಬೇಕಾದ್ದು ಕ್ಲೆಮೆಂಟೀನ್ ಹಂಟರ್ ಚಿತ್ರಗಳು. ಹತ್ತಿ ಬಿಡಿಸಿ, ಆಮೇಲೆ ಅಡುಗೆಮನೆಯಲ್ಲಿ ದುಡಿದ ಹೆಂಗಸು. ಮನೆಗೆ ಬಂದ ಕಲಾವಿದರು ಬಿಟ್ಟುಹೋದ ಬಣ್ಣದಲ್ಲಿ ಶುರು ಮಾಡಿದ್ದು. ಹತ್ತಿ ಹೊಲ, ಮದುವೆ, ಸಾವು, ಬಟ್ಟೆ ಒಗೆಯೋದು, ಎಲ್ಲವನ್ನೂ ಬರೆದಳು. 1955ರಲ್ಲಿ ಆಫ್ರಿಕನ್ ಹೌಸ್ ಅನ್ನುವ ಕಟ್ಟಡದ ಮೇಲಂತಸ್ತಿಗೆ ಅವಳು ಬರೆದ ದೊಡ್ಡ ಚಿತ್ರಗಳಲ್ಲಿ ಆ ಊರಿನ ಬದುಕೇ ಇದೆ. ಅದೇ ವರ್ಷ ಅಲ್ಲಿನ ಕಾಲೇಜಿನಲ್ಲಿ ಅವಳ ಪ್ರದರ್ಶನ ಇಟ್ಟರು. ಬಿಳಿಯರ ಜೊತೆ ಒಳಗೆ ಬರುವಂತಿಲ್ಲ ಅಂತ, ಬಾಗಿಲು ಹಾಕಿದ್ದ ದಿನ ಹಿಂದಿನಿಂದ ಕರೆದುಕೊಂಡು ಹೋಗಿ ಅವಳದೇ ಚಿತ್ರಗಳನ್ನು ಅವಳಿಗೆ ತೋರಿಸಿದರು! ನೂರು ದಾಟಿ ಬದುಕಿ 1988ರಲ್ಲಿ ತೀರಿಕೊಂಡಳು.

ಅಲ್ಲೇ ಕೇನ್ ರಿವರ್ ಪಕ್ಕದ ಕ್ರಿಯೋಲ್ ಊರು ಐಲ್ ಬ್ರೆವೆಲ್‌ನ ಸೇಂಟ್ ಅಗಸ್ಟಿನ್ ಚರ್ಚನ್ನೂ ಬಿಡಬೇಡಿ, ಕ್ರಿಯೋಲ್ ಮನೆತನಗಳೇ ಕಟ್ಟಿಸಿ ಇವತ್ತಿಗೂ ನಡೆಸುತ್ತಿರುವ ಚರ್ಚು. ಅಕ್ಟೋಬರ್‌ನಲ್ಲಿ ಅವರ ಜಾತ್ರೆ ಇರುತ್ತೆ, ಆಗ ಹೋದರೆ ಇನ್ನೂ ಒಳ್ಳೆಯದು. ಜುಲೈನಲ್ಲಂತೂ ಬೇಡ, ಸೆಕೆ ತಡೆಯೋಕೆ ಆಗಲ್ಲ, ಮೇಲೆ ಸೊಳ್ಳೆ. ಊರಿನ ಮೀಟ್ ಪೈ ಪ್ರಸಿದ್ಧ, ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗಿ.