ದೊಡ್ಡಕ್ಕನ ಭಾನುವಾರ

ಮನೆಗೆ ಯಜಮಾನರು ಯಾರು ಅಂತ ಗಣತಿಯವರು ಬಂದು ಕೇಳಿದರೆ ನಾನು ಈಗ ಸ್ವಲ್ಪ ಯೋಚನೆ ಮಾಡಬೇಕಾಗುತ್ತದೆ. ರೇಷನ್ ಕಾರ್ಡಿನಲ್ಲಿ ಹೆಂಡತಿಯ ಹೆಸರಿದೆ. ಫ್ಲ್ಯಾಟಿನ ಕಾಗದದಲ್ಲಿ ಮಗನ ಹೆಸರಿದೆ, ಸಾಲದ ಕಂತಿನಲ್ಲಿ ಸೊಸೆಯದೂ ಇದೆ. ಆದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ಹಾಳೆಯಲ್ಲಿ ನಡೆಯೋದು ದೊಡ್ಡಕ್ಕನ ಆಜ್ಞೆ ಮಾತ್ರ.

ಸೊಸೆಗೆ ಅವಳಿ ಹೆಣ್ಣುಮಕ್ಕಳು. 2017ರ ತಿದ್ದುಪಡಿ ಆದಮೇಲೆ ಹೆರಿಗೆ ರಜೆ 26 ವಾರ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳೋ ಜಾಗವೂ ಇರಬೇಕು ಅಂತ ಕಾನೂನು ಹೇಳುತ್ತದೆ. ಅವಳ ಆಫೀಸಿನಲ್ಲಿ ಅದೂ ಇದೆ, ಚೆನ್ನಾಗಿಯೇ ಇದೆಯಂತೆ. ಆದರೆ ಬೆಳಗ್ಗೆ ಒಂಬತ್ತು ಗಂಟೆಗೆ ಎರಡು ಮಕ್ಕಳನ್ನು ಕಟ್ಟಿಕೊಂಡು ಔಟರ್ ರಿಂಗ್ ರೋಡಿಗೆ ಇಳಿದರೆ, ಬೆಳ್ಳಂದೂರು ದಾಟುವಷ್ಟರಲ್ಲಿ ಅವಕ್ಕೆ ಹಲ್ಲು ಬಂದಿರುತ್ತೆ. ಹಾಗಾಗಿ ಮನೆಯಲ್ಲೇ ಹಗಲಿಗೊಬ್ಬ ಹುಡುಗಿ, ರಾತ್ರಿಗೊಬ್ಬ ಆಯಾ, ಇಬ್ಬರ ಮೇಲೆ ದೊಡ್ಡಕ್ಕ.

ನನ್ನ ಮಗ ಯಾವ ಕೆಲಸವನ್ನೂ ಓದದೆ ಮಾಡುವವನಲ್ಲ. ಇಂಗ್ಲೆಂಡಿನಲ್ಲಿ ಎಮಿಲಿ ವಾರ್ಡ್ ಅನ್ನೋ ಹೆಂಗಸು 1892ರಲ್ಲೇ ಮಕ್ಕಳನ್ನು ನೋಡಿಕೊಳ್ಳುವವರಿಗೆ ನಾರ್‌ಲ್ಯಾಂಡ್ ಅಂತ ತರಬೇತಿ ಶಾಲೆ ತೆಗೆದರಂತೆ. ಅಲ್ಲಿ ಕಲಿಯುವವರಿಗೆ ಇವತ್ತಿಗೂ ಕಂದು ಬಣ್ಣದ ಯೂನಿಫಾರ್ಮು. ಇದನ್ನೆಲ್ಲ ಊಟದ ಹೊತ್ತಿಗೆ ನಮಗೆ ಹೇಳಿ, ‘ಹೆಡ್ ನ್ಯಾನಿಯ ಜವಾಬ್ದಾರಿಗಳು’ ಅಂತ ಒಂದು ಎಕ್ಸೆಲ್ ಶೀಟು ಮಾಡಿದ. ಬಾಟಲಿ ಕುದಿಸೋದು, ಹಾಲು ಮತ್ತು ನಿದ್ದೆಯ ಲೆಕ್ಕ ಬರೆಯೋದು, ಲಸಿಕೆ ಕಾರ್ಡು ಜೋಪಾನ ಮಾಡೋದು, ಉಳಿದಿಬ್ಬರ ಪಾಳಿ ನೋಡೋದು.

ಮಳವಳ್ಳಿ ಕಡೆಯ ದೊಡ್ಡಕ್ಕ ಮೊದಲ ದಿನ ಬಂದು ಹಾಳೆಯನ್ನು ಪೂರ್ತಿ ಓದಿದರು. ಆಮೇಲೆ ಸೋಫಾದ ಕಡೆ ತಿರುಗಿದರು. ಅಲ್ಲಿ ನಾನು, ನನ್ನ ಹೆಂಡತಿ, ಧಾರವಾಡದಿಂದ ಬಂದಿದ್ದ ಬೀಗಿತ್ತಿ ಸಾಲಾಗಿ ಕೂತಿದ್ದೆವು.

“ಮಕ್ಕಳದು ಸರಿ ಸಾರ್. ಇವರು ಮೂರು ಜನರನ್ನ ಯಾರು ನೋಡ್ಕೊಳ್ಳೋದು?”

ಮಗ ನಕ್ಕ. ಅವರು ನಗಲಿಲ್ಲ.

ವಾರಕ್ಕೊಂದು ರಜೆ ಬೇಕೇ ಬೇಕು ಅಂತಲೂ ಅವತ್ತೇ ಹೇಳಿದರು. ಮನೆಕೆಲಸದವರಿಗೆ ಕರ್ನಾಟಕದಲ್ಲಿ 2004ರಲ್ಲೇ ಕನಿಷ್ಠ ಕೂಲಿ ಗೊತ್ತು ಮಾಡಿದ್ದಾರೆ ಅನ್ನೋದು ನನಗೆ ತಿಳಿದದ್ದೂ ಅವರ ಬಾಯಿಂದಲೇ. ಸರ್ಕಾರಿ ನೌಕರಿ ಮಾಡಿ ನಿವೃತ್ತನಾದವನು ನಾನು.

ಅವರು ಜಗಳ ಆಡುವವರಲ್ಲ. ಉದಾಹರಣೆಗೆ ಜೇನುತುಪ್ಪ. ಮಗುವಿನ ನಾಲಿಗೆಗೆ ಜೇನು ಸವರಲೇಬೇಕು ಅಂತ ನನ್ನ ಹೆಂಡತಿ. ವರ್ಷ ತುಂಬುವವರೆಗೆ ಜೇನು ಬೇಡ, ಅದರಲ್ಲಿ ಕೆಲವೊಮ್ಮೆ ಇರುವ ಬೊಟುಲಿಸಂ ರೋಗಾಣುವನ್ನು ಎಳೇ ಹೊಟ್ಟೆ ತಡೆಯೋದಿಲ್ಲ ಅಂತ ಡಾಕ್ಟರು. ದೊಡ್ಡಕ್ಕ ಡಾಕ್ಟರ ಹೆಸರನ್ನೇ ಎತ್ತಲಿಲ್ಲ. “ನಿಮ್ಮ ಮಗನೂ ರಾತ್ರಿಯೆಲ್ಲ ಕೆಮ್ಮುತ್ತೆ ಅಮ್ಮ, ಅದಕ್ಕೆ ಕೊಡಿ” ಅಂದರು ಅಷ್ಟೇ. ಅವತ್ತಿನಿಂದ ಮೂವತ್ತಾರು ವರ್ಷದ ಮಗ ದಿನಾ ಬೆಳಗ್ಗೆ ಬಾಯಿ ತೆರೆದು ನಿಲ್ಲುತ್ತಾನೆ.

ಅವಳಿಗಳು ಒಂದೇ ಥರ. ದೊಡ್ಡದಕ್ಕೆ ಎಡ ಅಂಗಾಲಿಗೆ ಕಾಡಿಗೆ ಬೊಟ್ಟು, ಚಿಕ್ಕದಕ್ಕೆ ಬಲಕ್ಕೆ. ದೃಷ್ಟಿಗೂ ಆಯ್ತು, ಗುರುತಿಗೂ ಆಯ್ತು.

ಆ ಭಾನುವಾರ ದೊಡ್ಡಕ್ಕನಿಗೆ ರಜೆ. ಮಗ ಸೊಸೆ ಸಿನಿಮಾಕ್ಕೆ ಹೋಗಿದ್ದರು. ಹಗಲಿನ ಹುಡುಗಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಉಳಿದ ದಿನಗಳಲ್ಲಿ ಮಾತುಮಾತಿಗೆ ಹಾಸನ ದೊಡ್ಡದೋ ಧಾರವಾಡ ದೊಡ್ಡದೋ ಅಂತ ಕಾದಾಡುವ ಅಜ್ಜಿಯರು ಅವತ್ತು ಒಂದಾದರು.

“ಕೂಸುಗಳ ಮೈಯಾಗ ಎಣ್ಣೀನ ಕಾಣಂಗಿಲ್ಲ. ಎರಿಯೂಣ ಬರ್ರಿ” ಅಂದರು ಬೀಗಿತ್ತಿ.

ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ಹದವಾಗಿ ಎರೆದರು. ನೀರಿನ ಜೊತೆ ಬೊಟ್ಟುಗಳೂ ಹೋದವು. ಹೆಂಡತಿ ಒಂದಕ್ಕೆ ರಾಗಿ ಸರಿ ತಿನ್ನಿಸಿ ಮಲಗಿಸಿದಳು. ಬೀಗಿತ್ತಿ ಇನ್ನೊಂದಕ್ಕೆ ತಿನ್ನಿಸಿದರು. ಇನ್ನೊಂದು ಅಂತ ಅವರು ತಿಳಿದುಕೊಂಡಿದ್ದಕ್ಕೆ.

ಆಮೇಲೆ ಲೋಬಾನ. ತೆಂಗಿನ ಚಿಪ್ಪನ್ನು ಗ್ಯಾಸಿನ ಉರಿಗೆ ಹಿಡಿದು ಕೆಂಡ ಮಾಡಿ, ಹಳೇ ಬಾಣಲೆಗೆ ಹಾಕಿ, ಮೇಲೆ ಒಂದು ಹಿಡಿ ಲೋಬಾನದ ಪುಡಿ ಉದುರಿಸಿದರು. ಎಳೇ ಮಕ್ಕಳ ಉಸಿರಿಗೆ ಹೊಗೆ ಆಗದು ಅಂತ ಫ್ರಿಜ್ಜಿನ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು. ಹೊಗೆಯಲ್ಲಿ ಫ್ರಿಜ್ಜೇ ಕಾಣುತ್ತಿರಲಿಲ್ಲ, ಇನ್ನು ಹಾಳೆ ಎಲ್ಲಿ? ಹುಡುಗಿ ಕೆಮ್ಮುತ್ತಾ ಓಡಿಬಂದು ಮಕ್ಕಳನ್ನು ಬಾಲ್ಕನಿಗೆ ಎತ್ತಿಕೊಂಡು ಹೋದಳು. ಹೆಂಡತಿ ಹೊಗೆ ಹೋಗಲಿ ಅಂತ ಮುಂಬಾಗಿಲು ತೆಗೆದಳು. ಹೊಗೆ ನೇರ ಕಾರಿಡಾರಿನ ಸ್ಮೋಕ್ ಡಿಟೆಕ್ಟರಿಗೆ ಹೋಯಿತು.

ಇಡೀ ಟವರಿನಲ್ಲಿ ಸೈರನ್. ಲಿಫ್ಟ್ ಹತ್ತುವ ಹಾಗಿಲ್ಲ. ಒಂಬತ್ತನೇ ಮಹಡಿಯಿಂದ ಮೆಟ್ಟಿಲಿಳಿದು ಬಯಲಿಗೆ ಬಂದರೆ, ಅರ್ಧ ಗಡ್ಡ ಹೆರೆದುಕೊಂಡವರು, ಲ್ಯಾಪ್‌ಟಾಪ್ ತೆರೆದೇ ಹಿಡಿದುಕೊಂಡವರು, ನಾಯಿ ಎತ್ತಿಕೊಂಡವರು. ನನ್ನ ಕೈಯಲ್ಲಿ ಸರಿಯ ಬಟ್ಟಲಿತ್ತು. ಸೆಕ್ಯೂರಿಟಿಯವನು ಮೇಲೆ ಹೋಗಿ ಬಂದು, “ಬೆಂಕಿ ಅಲ್ಲ ಸಾರ್, ಪೂಜೆ” ಅಂತ ಅಸೋಸಿಯೇಷನ್ನಿನವರಿಗೆ ವರದಿ ಒಪ್ಪಿಸಿದ.

ಅಷ್ಟು ಹೊತ್ತಿಗೆ ಒಂದು ಮಗು ಕಿರುಚಿ ಅಳತೊಡಗಿತು. ಇನ್ನೊಂದು ಗಡದ್ದಾಗಿ ತೇಗಿತು. ಯಾವುದು ಯಾವುದು? ಅಂಗಾಲುಗಳು ಬೆಳ್ಳಗಿದ್ದವು. ಇದು ಚಿಕ್ಕದು ಅಂತ ಹಾಸನ, ಅಲ್ಲ ದೊಡ್ಡದು ಅಂತ ಧಾರವಾಡ. ಇಬ್ಬರದೂ ಒಗ್ಗಟ್ಟು ಅಲ್ಲಿಗೆ ಮುಗಿಯಿತು. ಹುಡುಗಿ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಆ ಕಡೆಯಿಂದ ಕಂಡಕ್ಟರನ ಸೀಟಿ ಕೇಳಿಸಿತು. ದೊಡ್ಡಕ್ಕ ಫ್ರೀ ಟಿಕೆಟ್ಟಿನಲ್ಲಿ ತಂಗಿ ಮನೆಗೆ ಹೊರಟಿದ್ದರು.

“ಫೋನು ಮಗು ಹತ್ರ ಹಿಡಿ.” ಹಿಡಿದಳು. “ಅಳ್ತಿರೋದು ದೊಡ್ಡದು, ಹಸಿದಿದೆ. ಚಿಕ್ಕದಕ್ಕೆ ಎರಡು ಸಲ ತಿನ್ನಿಸಿದ್ದಾರೆ. ಅದನ್ನ ಹೆಗಲಿಗೆ ಹಾಕ್ಕೋ, ಮಲಗಿಸಬೇಡ. ಸರಿ ಇನ್ನೂ ಇದೆಯಾ?”

ನಾನು ಬಟ್ಟಲು ಮುಂದೆ ಚಾಚಿದೆ. ನಿವೃತ್ತಿ ಆದಮೇಲೆ ಇಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು.

“ಅಕ್ಕಾ, ನೀವು ಬರ್ತೀರಾ?” ಅಂದಳು ಹುಡುಗಿ.

“ನಂಗೆ ರಜೆ” ಅಂದು ಫೋನಿಟ್ಟರು.

ಸೋಮವಾರ ನಾವೆಲ್ಲ ಮುಖ ತಗ್ಗಿಸಿಕೊಂಡು ಕೂತಿದ್ದೆವು. ಬೈಗುಳ ಬರಲಿಲ್ಲ. ಹಾಳೆಯಲ್ಲಿ ಒಂದು ಸಾಲು ಸೇರಿತು: ಭಾನುವಾರದ ಚಾರ್ಜು ಹಗಲಿನ ಹುಡುಗಿಗೆ. ಅವಳಿಗೆ ಇಪ್ಪತ್ತೆರಡು ವರ್ಷ. ಮುಂದಿನ ಭಾನುವಾರ ನನ್ನ ಹೆಂಡತಿ ಎಣ್ಣೆ ಬಟ್ಟಲು ಹಿಡಿದುಕೊಂಡು ಅವಳ ಮುಂದೆ ನಿಂತು, “ಸ್ವಲ್ಪ ಹಚ್ಚಲೇನಮ್ಮ?” ಅಂತ ಕೇಳುತ್ತಿದ್ದಳು.

ಮೊನ್ನೆ ಬೀಗಿತ್ತಿ ಧಾರವಾಡಕ್ಕೆ ಹೋಗಬೇಕು ಅಂದರು. ರೈಲಿನ ಟಿಕೆಟ್ ಬುಕ್ ಮಾಡಲು ಮಗ ಫೋನ್ ತೆಗೆದರೆ, “ತಡೀರಿ, ದೊಡ್ಡಕ್ಕಗ ಒಂದ್ ಮಾತ್ ಕೇಳೂಣ” ಅಂದರು. ದೊಡ್ಡಕ್ಕ ಲಸಿಕೆ ಕಾರ್ಡು ತೆಗೆದು ನೋಡಿದರು.

“ಎಂಟು ದಿನ ಹೋಗಿಬನ್ನಿ ಅಮ್ಮ. ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದಿದೆ, ಅವತ್ತು ನೀವು ಇರಲೇಬೇಕು. ದೊಡ್ಡದು ನಿಮ್ಮ ಹೆಗಲ ಮೇಲೆ ಬೇಗ ಸುಮ್ಮನಾಗುತ್ತೆ.”

ಬೀಗಿತ್ತಿಯ ಮುಖ ಅರಳಿತು. ಚುಚ್ಚಿದ ಜಾಗಕ್ಕೆ ತಣ್ಣೀರು ಬಟ್ಟೆ ಹಾಕುವ ಕೆಲಸ ಹೆಂಡತಿಗೆ ಆಗಲೇ ಸಿಕ್ಕಿತ್ತು. ನಾನೂ ಧೈರ್ಯ ಮಾಡಿದೆ. “ಹಾಗೇ ನಾನೂ ಒಂದು ಸಲ ಊರಿಗೆ ಹೋಗಿಬರಬಹುದೇನಮ್ಮ?”

ದೊಡ್ಡಕ್ಕ ಕಾರ್ಡು ನೋಡುವ ತೊಂದರೆಯನ್ನೇ ತೆಗೆದುಕೊಳ್ಳಲಿಲ್ಲ.

“ನೀವಾ? ನೀವು ಯಾವಾಗ ಬೇಕಾದ್ರೂ ಹೋಗಿ ಯಜಮಾನ್ರೆ.”