ಸ್ಪಷ್ಟನೆ: ನ್ಯೂಕ್ಯಾಸಲ್ ಪ್ರಭುವಿನ 9,41,303 ಪೌಂಡ್ ಯುದ್ಧದ ಖರ್ಚಲ್ಲ

‘ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ (17ನೇ ಶತಮಾನದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದದ್ದು) ನ್ಯೂಕ್ಯಾಸಲ್ ಪ್ರಭು ವಿಲಿಯಂ ಕ್ಯಾವೆಂಡಿಶ್ ರಾಜ ಒಂದನೇ ಚಾರ್ಲ್ಸ್‌ನ ಸೈನ್ಯಕ್ಕೆ 9,41,303 ಪೌಂಡ್ ನಗದು ಸುರಿದ, ಕೊನೆಗೆ ಮಾರ್ಸ್ಟನ್ ಮೂರ್ ಕಾಳಗದಲ್ಲಿ ಸತ್ತ’ ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ತಪ್ಪು.

ಆ ಅಂಕಿಯ ಮೂಲ, ಹೆಂಡತಿ ಮಾರ್ಗರೆಟ್ 1667ರಲ್ಲಿ ಪ್ರಕಟಿಸಿದ ಅವನ ಜೀವನಚರಿತ್ರೆ. ಅಲ್ಲಿ ಅದು ನಷ್ಟದ ಮೊತ್ತ. ಅವನ ಜಮೀನುಗಳ ವಾರ್ಷಿಕ ಗೇಣಿ ಸುಮಾರು 22,393 ಪೌಂಡ್. ಯುದ್ಧ, ದೇಶಾಂತರವಾಸ ಸೇರಿ 18 ವರ್ಷ ಅದು ಕೈಗೆ ಬರಲಿಲ್ಲ. ಅಂದರೆ ಸುಮಾರು 4,03,000. ಅದಕ್ಕೆ ಬಡ್ಡಿ ಕಟ್ಟಿ ಆಕೆ 7,33,579 ಎಂದು ಬರೆದಳು. ಮುಕ್ಕಾಲು ಪಾಲು ಇದೇ ಆಯಿತು! ವರ್ಷಕ್ಕೆ 2,015 ಪೌಂಡ್ ಹುಟ್ಟುವಳಿಯ ಜಮೀನು ಕೈತಪ್ಪಿದ್ದಕ್ಕೆ 20 ವರ್ಷದ ಹುಟ್ಟುವಳಿಯನ್ನೇ ಜಮೀನಿನ ಬೆಲೆಯೆಂದು ಹಿಡಿದು 40,300; ಕಡಿದುಹೋದ ಮರಗಳಿಗೆ 45,000; ಹೀಗೆ ಉಳಿದದ್ದು. ಬಾರದ ಗೇಣಿಯ ಬಡ್ಡಿಯನ್ನು ಸಿಪಾಯಿಗಳ ಸಂಬಳ ಎಂದು ಓದಬಾರದು.

ಸಾವಿನ ಮಾತು: 1644ರ ಜುಲೈ 2ರಂದು ಮಾರ್ಸ್ಟನ್ ಮೂರ್‌ನಲ್ಲಿ ಬಹುಪಾಲು ನಾಶವಾದದ್ದು ಬಣ್ಣ ಹಾಕದ ಬಿಳಿ ಉಣ್ಣೆಯಂಗಿ ತೊಟ್ಟಿದ್ದ ಅವನ ಕಾಲಾಳುಗಳು. ಗೊಂದಲ ಬಹುಶಃ ಅಲ್ಲಿಂದ ಹುಟ್ಟಿದೆ. ಅವನು ಸ್ಕಾರ್ಬರೋದಲ್ಲಿ ಹಡಗು ಹತ್ತಿ ಹ್ಯಾಂಬರ್ಗ್ ಸೇರಿದ. ಆಮೇಲೆ ಆಂಟ್‌ವರ್ಪ್‌ನಲ್ಲಿ ಚಿತ್ರಕಾರ ರೂಬೆನ್ಸ್‌ನ ಮನೆ ಬಾಡಿಗೆಗೆ ಹಿಡಿದು ಕುದುರೆ ಪಳಗಿಸಿದ. 1660ರಲ್ಲಿ ಮರಳಿದ, 1665ರಲ್ಲಿ ಡ್ಯೂಕ್ ಆದ, ತೀರಿಕೊಂಡದ್ದು 1676ರಲ್ಲಿ.

ದಯವಿಟ್ಟು ಹಳೆಯ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಕಳಿಸಿದ ಗುಂಪುಗಳಿಗೆ ಇದನ್ನೂ ಕಳಿಸಿ.